ತಿಜೋರಿಯ ತಲೆ ಬದಲಿಸಿದ ಐತವಾರ

ನೌಬಾದ, ಬೀದರ
೧೯ ಏಪ್ರಿಲ್ ೨೦೧೬, ಮಂಗಳವಾರ

ಪ್ರೀತಿಯ ಗೋರಖಕಾಕಾ ಅವರಿಗೆ ನಿಮ್ಮ ಜಿಜಾ ಮಾಡುವ ಜೈಭೀಮ.

ನಿಮ್ಮ ಕೆಮ್ಮು ಹೇಗಿದೆ? ಸುರಂಗದೊಳಗೆ ಇಳಿಯುವಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತೀರೋ ಇಲ್ಲವೋ? ಕಾಕು ದಿನಾ ಇದನ್ನೇ ಕೇಳುತ್ತಾಳೆ, ಅದೂ ನನ್ನನ್ನು. ಕೊಂಕಣದಲ್ಲಿ ಕೂತವರ ಮೂಗಿನ ಸುದ್ದಿ ನೌಬಾದಿನಲ್ಲಿರುವ ನನಗೆ ಹೇಗೆ ಗೊತ್ತಾಗಬೇಕು? ಅಲ್ಲಿ ಮೂರು ಹೊತ್ತೂ ಅನ್ನವೇ ಅಂತ ಹೋದ ಸಲ ಬರೆದಿದ್ದಿರಿ. ಜೋಳದ ರೊಟ್ಟಿ ತಿನ್ನದೆ ನಿಮಗೆ ನಿದ್ದೆ ಹತ್ತುವುದಿಲ್ಲ ಅಂತ ನನಗೆ ಗೊತ್ತು. ಊರ ಕಡೆಯವರು ಯಾರಾದರೂ ಅಲ್ಲಿಗೆ ಬರುವುದಿದ್ದರೆ ತಿಳಿಸಿರಿ, ಅವ್ವ ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿ ಕಟ್ಟಿ ಕೊಡುತ್ತಾಳೆ. ನಿಮಗೆ ಫೋನು ಹಚ್ಚಿದರೆ ಒಬ್ಬ ಹೆಂಗಸು ಮರಾಠಿಯಲ್ಲಿ ಏನೋ ಹೇಳಿ ಇಟ್ಟುಬಿಡುತ್ತಾಳೆ. ಅವ್ವ ಒಂದು ದಿನ ಆಕೆಗೆ ಬೈದೂ ಬಿಟ್ಟಳು. ನೀವೇ ಮಾಡಿದಾಗ ಮನೆಯವರೆಲ್ಲ ಕಸಿದುಕೊಂಡು ಮಾತಾಡುತ್ತಾರೆ, ನನ್ನ ಪಾಳಿ ಬರುವಷ್ಟರಲ್ಲಿ ಕರೆನ್ಸಿ ಮುಗಿದಿರುತ್ತದೆ. ಅದಕ್ಕೇ ಗುತ್ತಿಗೆದಾರನ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರಾಮ. ನೀರಿನದೊಂದೇ ಕಷ್ಟ. ಈ ವರ್ಷ ಭೀಮ ಜಯಂತಿಗೆ ಬ್ಯಾಂಡಿನವರನ್ನು ಕರೆಸಲಿಲ್ಲ, ಅದೇ ರೊಕ್ಕದಲ್ಲಿ ಓಣಿಯ ಹುಡುಗರು ಟ್ಯಾಂಕರ್ ತರಿಸಿದರು. ಮೆರವಣಿಗೆ ಹೋಗುವ ದಾರಿಯಲ್ಲೇ ಟ್ಯಾಂಕರ್ ನಿಂತಿತ್ತು, ಜನ ಕೊಡ ತುಂಬಿಸಿಕೊಂಡೇ ಘೋಷಣೆ ಕೂಗಿದರು. ಔರಾದ ಕಡೆಯ ಹಳ್ಳಿಗಳಲ್ಲಿ ಇನ್ನೂ ಅರ್ಧ ಮನೆಗಳಿಗೆ ಬೀಗ. ಕಬ್ಬು ಕಡಿಯಲು ಹೋದವರು ಕೆಲಸ ಮುಗಿದರೂ ತಿರುಗಿ ಬರುತ್ತಿಲ್ಲ. ಬಂದು ಕುಡಿಯುವುದೇನನ್ನು ಅಂತ ಅಲ್ಲೇ ಇದ್ದಾರಂತೆ.

ಕಾಕಾ, ಈಗ ಸುದ್ದಿ! ಇಷ್ಟು ಹೊತ್ತು ಹೇಗೆ ತಡೆದುಕೊಂಡೆನೋ ನನಗೇ ತಿಳಿಯದು. ನಮ್ಮ ದವಾಖಾನೆಯ ತಿಜೋರಿಯ ತಲೆ ಬದಲಾಯಿತು! ಐತವಾರ ಮುಂಜಾನೆ ಹಳೇ ತಲೆ ಇಳಿಸಿದೆವು, ಹೊತ್ತು ಮುಳುಗುವ ಮೊದಲು ಹೊಸದು ಮಾತಾಡತೊಡಗಿತು. ಇಳಿಸಿದೆವು ಅಂತ ಬರೆದೆ, ನೋಡಿರಿ. ನಾನು ಬರೀ ನೋಡಿಕೊಂಡು ನಿಂತಿರಲಿಲ್ಲ. ಕೈಮೇಲೆ ತಗಡು ಕೊರೆದ ಗೀರು ಇನ್ನೂ ಇದೆ. ಅವ್ವನಿಗೆ ತೋರಿಸಿದರೆ, "ಬೆಕ್ಕು ಪರಚಿದ್ಹಂಗ ಅದ, ಇದಕ್ಕ ಇಷ್ಟ ಖುಷಿನ? ಸಾಲಿ ಬಿಟ್ಟಾಕಿ ಕೈಯಾಗ ದವಾಖಾನಿ ಕೊಟ್ಟಾರ, ಇನ್ನ ಮುಗೀತು" ಅಂದಳು.

ನಿಮಗೆ ಗೊತ್ತಿದ್ದದ್ದನ್ನೂ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿರಿ. ಕಾಕು ಪಕ್ಕದಲ್ಲೇ ಕೂತಿದ್ದಾಳೆ. ಪ್ರತಿ ಸಾಲನ್ನೂ ಓದಿಸಿಕೊಂಡು, "ಅಂದ್ರ?" ಅನ್ನುತ್ತಾಳೆ. ಆಕೆಗೆ ಹೇಳಿದ್ದು ಹೀಗೆ: ಬೀದರ, ಭಾಲ್ಕಿ, ಔರಾದ, ಮೂರೂ ಕಡೆ ತೆಗೆದ ಎಕ್ಸರೇ ಮತ್ತು ಸೋನೋಗ್ರಾಫಿಯ ಚಿತ್ರಗಳೆಲ್ಲ ಲೈನಿನ ಮೇಲೆ ಬಂದು ಬೀದರಿನ ದೊಡ್ಡ ಯಂತ್ರದಲ್ಲಿ ಕೂಡುತ್ತವೆ. ಅದಕ್ಕೆ ನಾವು ತಿಜೋರಿ ಅನ್ನುತ್ತೇವೆ. ಮೇಲಿನ ಮಾಳಿಗೆಯಲ್ಲಿ ಡಾಕ್ಟರ್ ಯಾಕೂಬ ಸಾಹೇಬರು ಕೂತು, ಅದರೊಳಗಿನ ಚಿತ್ರ ನೋಡಿ ರೋಗ ಏನೆಂದು ಬರೆಯುತ್ತಾರೆ. ತಿಜೋರಿಯ ಹೊಟ್ಟೆಯಲ್ಲಿ ಡಿಸ್ಕುಗಳಿವೆ, ಚಿತ್ರ ಇರುವುದು ಅಲ್ಲಿ. ತಲೆಯ ಕೆಲಸ ಬೇರೆ. ಯಾರು ಮಾತಾಡಬೇಕು, ಎಷ್ಟು ಹೊತ್ತು ಕಾಯಬೇಕು, ಯಾವುದನ್ನು ಒಪ್ಪಬೇಕು, ಯಾವುದನ್ನು ಹಿಂದಕ್ಕೆ ಕಳಿಸಬೇಕು, ಅದೆಲ್ಲ ತಲೆ ನೋಡುತ್ತದೆ. ಈಗ ಹೊಟ್ಟೆ ಹಳೆಯದೇ, ತಲೆ ಹೊಸದು. ಚಿತ್ರಗಳಿಗೆ ಏನೂ ಆಗುವುದಿಲ್ಲ. ಆದರೆ ನೀವು ವರ್ಷಗಟ್ಟಲೆ ಹಳೇ ತಲೆಗೆ ಕಲಿಸಿದ ಬುದ್ಧಿ ತಾನಾಗಿ ಹೊಸ ತಲೆಗೆ ಹೋಗುವುದಿಲ್ಲ. ಹೊಸದು ಕಂಪನಿಯ ಬುದ್ಧಿಯಿಂದಲೇ ಶುರು ಮಾಡುತ್ತದೆ. ಅದನ್ನು ಡಿಫಾಲ್ಟ್ ಅನ್ನುತ್ತಾರೆ.

ರೊಕ್ಕ ಇಲ್ಲ ಅಂತ ಸಂಕ್ರಾಂತಿಗೆ ನಿಮ್ಮನ್ನು ಕೆಲಸ ಬಿಡಿಸಿದ ಟ್ರಸ್ಟಿನ ಕಾರ್ಯದರ್ಶಿ ಶಿವರಾಜಪ್ಪನವರೇ ಹದಿನೈದು ದಿನದ ಹಿಂದೆ ನನ್ನನ್ನು ಕರೆಸಿದ್ದರು. "ನೋಡವಾ ಜಿಜಾ, ಮಷಿನ್ ಬದಲಾದ ಮ್ಯಾಲ ಭೀ ಔರಾದಿನ ಫೋಟೋ ಹರಕೇ ಬಂದ್ರ ಆ ಹುಡುಗಿಗಿ ತೆಗೀತೇವು, ಖೋಲಿಗಿ ಭೀ ಕೀಲಿ ಹಾಕ್ತೇವು. ಎಲ್ಲಾ ಸುರಳೀತ ಆದ್ರ ಗೋರಖನಾಥಗ ತಿರುಗಿ ಕರ್ಕೊಳ್ಳೋ ವಿಚಾರ ಅದ" ಅಂದರು. ಕಾಕಾ, ಅವತ್ತು ಸೈಕಲ್ ತುಳಿದು ಮನೆಗೆ ಬಂದದ್ದೇ ನೆನಪಿಲ್ಲ ನನಗೆ. ಒಂದು ಕಡೆ ನೀವು ಬರುವುದು, ಇನ್ನೊಂದು ಕಡೆ ಔರಾದಿನಲ್ಲಿ ಎಕ್ಸರೇ ತೆಗೆಯುವ ಆಬೇದಾ ಹೋಗುವುದು, ಎರಡೂ ಒಂದೇ ಐತವಾರಕ್ಕೆ ಗಂಟು ಬಿದ್ದಿದ್ದವು.

ಔರಾದಿನ ಆ ಖೋಲಿ ಶುರುವಾದಾಗ ನೀವು ಎಷ್ಟು ಕುಣಿದಿದ್ದಿರಿ! ಹಳೇ ಪದ್ಧತಿಯಲ್ಲಿ ಫಿಲ್ಮು ತೊಳೆಯಲು ನೀರು ಬೇಕಿತ್ತು, ಔರಾದಿನಲ್ಲಿ ಬಾವಿಗಳೇ ಬತ್ತಿದ್ದವು. "ಇದಕ್ಕ ಹನಿ ನೀರ್ ಬ್ಯಾಡ, ಬರಗಾಲದ ಎಕ್ಸರೇ ಇದು" ಅಂತ ನೀವು ಎಲ್ಲರಿಗೂ ಹೇಳಿಕೊಂಡು ತಿರುಗಿದಿರಿ. ಆಬೇದಾ ಅಲ್ಲಿಗೆ ಬಂದು ಕೂತದ್ದೂ ಆಗಲೇ. ಆಕೆ ಎಷ್ಟು ಒಪ್ಪವಾಗಿ ಕೆಲಸ ಮಾಡುತ್ತಾಳೆ ಅಂತ ನಿಮ್ಮ ಬಾಯಿಂದಲೇ ಕೇಳಿದ್ದೇನೆ. ಆದರೆ ಹೋದ ವರ್ಷದಿಂದ ಆಕೆಯ ಎದೆಯ ಎಕ್ಸರೇಗಳು ಆಗಾಗ ಹರಕು ಬರತೊಡಗಿದವು. ಮೇಲೆ ಹೆಗಲು, ಪಕ್ಕೆಲುಬು ಎಲ್ಲ ಸರಿ, ಕೆಳಗೆ ಬೂದಿ ಬಳಿದ ಹಾಗೆ ಖಾಲಿ. ಯಾಕೂಬ ಸಾಹೇಬರು ಆಕೆಗೆ ಪ್ಲೇಟು ಸರಿಯಾಗಿ ಇಡಲು ಬರುವುದಿಲ್ಲ ಅಂತ ತಿಳಿದರು. "ಬೇಟಿ, ಆದಮಿಗೆ ಹೊಟ್ಟಿ ಭೀ ಇರ್ತದ, ಬರೀ ಹೆಗಲಿಂದು ಫೋಟೋ ತೆಗೀಬ್ಯಾಡ" ಅಂತ ಎಲ್ಲರ ಎದುರು ಫೋನಿನಲ್ಲಿ ಅನ್ನುತ್ತಿದ್ದರು. ಆಕೆ ಪ್ರತಿ ಸಲ, "ನನ್ನ ಪರದೆ ಮ್ಯಾಲ ಪೂರ್ತಿ ಕಾಣ್ತದ ಸಾಹೇಬ್" ಅನ್ನುವುದು, ಅವರು "ನಿನ್ನ ಪರದೆ ಅಂಗೈಯಷ್ಟದ" ಅನ್ನುವುದು. ಕೊನೆಗೆ ಆಕೆ ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿ, ರೋಗಿಗಳ ಹೆಜ್ಜೆ ಅದರ ಮೇಲೆಯೇ ಇಡಿಸುತ್ತಿದ್ದಳು. ಹೋದ ತಿಂಗಳು ನನ್ನ ಹತ್ತಿರ, "ಜಿಜಾ, ನನಗೇ ಶಕ್ ಬರ್ಲತ್ತದ. ನನ್ನ ಕಣ್ಣೇ ಕೆಟ್ಟಾವೇನು?" ಅಂದಳು. ಎರಡು ಸಲ ಕಣ್ಣಿನ ಡಾಕ್ಟರ ಹತ್ತಿರವೂ ಹೋಗಿ ಬಂದಿದ್ದಳು, ಪಾಪ.

ಐತವಾರ ಕಂಪನಿಯ ಇಂಜಿನಿಯರ್ ಬಂದರು. ಹೈದರಾಬಾದಿನಿಂದ ಬಂದವರು ತೆಲುಗಿನಲ್ಲಿ ಮಾತಾಡುತ್ತಾರೆ ಅಂದುಕೊಂಡಿದ್ದೆ. ನೋಡಿದರೆ ನಮ್ಮ ಭಾಲ್ಕಿಯವರೇ, ದತ್ತಾತ್ರಿ ಅಂತ ಹೆಸರು. ಮೊದಲಿಗೆ ನನ್ನ ಪರೀಕ್ಷೆಯೇ ಆಯಿತು. "ಏನ್ ಓದೀರಿ?" "ಪಿಯುಸಿ ಮೊದಲ್ನೇ ವರ್ಷದಾಗ ಬಿಟ್ಟೀನ್ರಿ." "ಫೇಲ್ ಆಗಿ?" "ಇಲ್ಲರಿ, ಪಾಸ್ ಆಗ್ತಿದ್ದೆ. ಬೆಂಚಿನ ಮ್ಯಾಲ ಕೂಡಾಕ ಆಗ್ಲಿಲ್ಲ." ಅವರು ಮೆಷಿನ್ ಖೋಲಿಯನ್ನೊಮ್ಮೆ ಸುತ್ತ ನೋಡಿ, "ಚಲೋ ಆಯ್ತು, ಇಲ್ಲಿ ಕುರ್ಚಿನೇ ಇಲ್ಲ" ಅಂದರು. ಆಮೇಲೆ ಹಳೇ ತಲೆಗೆ ಏನೋ ಆಜ್ಞೆ ಕೊಟ್ಟರು. ಕಂಪನಿಯ ಬುದ್ಧಿ ಬಿಟ್ಟು ಕೈಯಿಂದ ಬದಲಿಸಿದ್ದೆಲ್ಲ ಪರದೆಯ ಮೇಲೆ ಬಂತು. ಅದನ್ನು ನೋಡಿದ್ದೇ ಅವರು ನಕ್ಕ ನಗುವಿಗೆ ಕಾವಲುಗಾರ ಒಳಗೆ ಇಣುಕಿದ. "ಜಿಜಾಬಾಯಿ, ನಿಮ್ಮ ಕಾಕಾ ತಿಜೋರಿ ಇಟ್ಟಿದ್ರೋ ತಬಲಾ ಇಟ್ಟಿದ್ರೋ? ಸುತ್ತಾ ಹೊಡದು ಹೊಡದು ಶ್ರುತಿ ಮಾಡ್ಯಾರ!"

ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಎಲ್ಲವನ್ನೂ ಹಾಗೆಯೇ ಹೊಸ ತಲೆಗೆ ಹಾಕಿಬಿಡಿರಿ ಅಂದೆ. ಅವರು ನಗು ನಿಲ್ಲಿಸಿದರು. "ಹಂಗ ಆಗಂಗಿಲ್ಲ. ಒಂದೊಂದಕ್ಕ ಕಾರಣ ಹೇಳ್ರಿ. ಕಾರಣ ಜೀವಂತ ಇದ್ರ ಇಡ್ತೇನಿ. ಕಾರಣ ಇಲ್ಲ ಅಂದ್ರ ಡಿಫಾಲ್ಟ್." ಈ ಮಾತು ನನಗೆ ಆಗ ಹಟದಂತೆ ಕಂಡಿತ್ತು. ಈಗ ಯೋಚಿಸಿದರೆ ಅದಕ್ಕಿಂತ ನ್ಯಾಯದ ಮಾತಿಲ್ಲ. ಆದರೆ ಕಾಕಾ, ನೀವು ಯಾವುದಕ್ಕೂ ಕಾರಣ ಎಲ್ಲೂ ಬರೆದಿಟ್ಟಿಲ್ಲ! ಅಂಕಿಗಳು ಯಂತ್ರದಲ್ಲಿ ಕೂತಿದ್ದವು, ಕಾರಣಗಳು ನಿಮ್ಮ ಜೊತೆ ಊರು ಬಿಟ್ಟು ಹೋಗಿದ್ದವು. ನೀವು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಕೇಳಿದ ಮಾತುಗಳನ್ನೇ ತಲೆಯಲ್ಲಿ ತಡಕಾಡಿದೆ.

ಮೊದಲನೆಯದು ಶುಕ್ರವಾರದ್ದು. ಡಿಸ್ಕುಗಳ ತಪಾಸಣೆ ಕಂಪನಿಯ ಲೆಕ್ಕದಲ್ಲಿ ರಾತ್ರಿ ನಡೆಯಬೇಕು, ನೀವು ಅದನ್ನು ಶುಕ್ರವಾರ ಮಧ್ಯಾಹ್ನಕ್ಕೆ ತಂದಿದ್ದಿರಿ. ರಾತ್ರಿ ಕರೆಂಟ್ ನೆಟ್ಟಗಿರುವುದಿಲ್ಲ, ಹಗಲು ತಪಾಸಣೆ ನಡೆದರೆ ಚಿತ್ರ ತೆರೆಯುವುದು ನಿಧಾನವಾಗಿ ಯಾಕೂಬ ಸಾಹೇಬರು ಕೂಗಾಡುತ್ತಾರೆ. ಶುಕ್ರವಾರ ಮಧ್ಯಾಹ್ನ ಅವರು ನಮಾಜಿಗೆ ಹೋಗಿ, ಮನೆಯಲ್ಲಿ ಊಟ ಮಾಡಿ, ಒಂದು ನಿದ್ದೆ ತೆಗೆದು ಬರುತ್ತಾರೆ. ಇದನ್ನು ಹೇಳಿದಾಗ ದತ್ತಾತ್ರಿ, "ಸಾಹೇಬರ ನಿದ್ದಿ ಭೀ ಸೆಟಿಂಗದಾಗ ಅದ ಅನ್ರಿ" ಅಂತ ನಗುತ್ತ ಅದನ್ನು ಉಳಿಸಿದರು. ಒಮ್ಮೆಗೇ ಹೆಚ್ಚು ಚಿತ್ರ ನುಗ್ಗದಂತೆ ಭಾಲ್ಕಿಯ ಲೈನಿಗೆ ನೀವು ಹಾಕಿದ್ದ ಲಗಾಮು ತೆಗೆದುಬಿಟ್ಟರು. ಅಲ್ಲಿಗೆ ಈಗ ಹೊಸ ಕೇಬಲ್ ಬಂದಿದೆ, ಅದರ ಕಾರಣ ತೀರಿದೆ ಅಂತ ನಾನೇ ಹೇಳಿದೆ. ನಿಮ್ಮದು ಅಂತ ಸುಮ್ಮನೆ ಉಳಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಔರಾದಿಗೆ ಹತ್ತು ನಿಮಿಷ ಕಾಯಬೇಕು ಅನ್ನುವುದಕ್ಕಂತೂ ನಾನು ವಕೀಲರ ಹಾಗೆ ವಾದ ಮಾಡಿದೆ. ಕಂಪನಿಯ ಬುದ್ಧಿ ಒಂದೇ ನಿಮಿಷ ಕಾಯುತ್ತದೆ. ಔರಾದಿನಲ್ಲಿ ಕರೆಂಟ್ ಹೋದರೆ ಕಾವಲುಗಾರ ಚಪ್ಪಲಿ ಹುಡುಕಿಕೊಂಡು ಹಿತ್ತಲಿಗೆ ಹೋಗಿ, ಜನರೇಟರಿನ ಹಗ್ಗ ಎಳೆದು, ಅದು ಹತ್ತದಿದ್ದರೆ ಅದಕ್ಕೆ ಬೈದು, ಮತ್ತೆ ಎಳೆಯಬೇಕು. ಒಂದು ನಿಮಿಷದಲ್ಲಿ ಚಪ್ಪಲಿಯೂ ಸಿಗುವುದಿಲ್ಲ! "ಇಡ್ತೇನಿ, ಇಡ್ತೇನಿ" ಅಂತ ಅವರು ಕೈ ಮುಗಿದರು.

ಆಮೇಲೆ ಅದು ಬಂತು ಕಾಕಾ. ಹತ್ತು ನಿಮಿಷ ಕಾದರೂ ಚಿತ್ರದ ಉಳಿದ ಭಾಗ ಬರದಿದ್ದರೆ ಹಿಂದಕ್ಕೆ ಕಳಿಸಬೇಡ, ಬಂದಷ್ಟನ್ನೇ ಪೂರ್ತಿ ಅಂತ ಒಪ್ಪಿಕೋ, ದೂರು ಹೇಳಬೇಡ. ದತ್ತಾತ್ರಿ ಅದನ್ನು ಎರಡು ಸಲ ಓದಿದರು. "ಇದಕ್ಕೇನು ಕಾರಣ? ಹಿಂಗ ಯಾರ್ ಇಡ್ತಾರ?" ಅಂದರು. ನನಗೆ ಕಾರಣ ಗೊತ್ತಿತ್ತು. ನೀವು ಅದನ್ನು ಹಾಕಿದ ದಿನ ನಾನು ಪಕ್ಕದಲ್ಲೇ ಇದ್ದೆ. ಆಗ ಔರಾದಿನಲ್ಲಿದ್ದ ಎಕ್ಸರೇ ಯಂತ್ರಕ್ಕೆ ನೆನಪೇ ಇರಲಿಲ್ಲ, ತಿಜೋರಿ ಒಪ್ಪದಿದ್ದರೆ ಚಿತ್ರ ಅಲ್ಲೇ ಅಳಿದು ಹೋಗುತ್ತಿತ್ತು. ರೋಗಿಯನ್ನು ಮತ್ತೆ ಕರೆಯಬೇಕು. ಆ ಮನುಷ್ಯ ಮರುದಿನ ಟೋಳಿಯ ಜೊತೆ ಟ್ರಕ್ ಹತ್ತಿ ಕಬ್ಬಿಗೆ ಹೋಗಿರುತ್ತಾನೆ, ಎಲ್ಲಿಂದ ಕರೆಯುವುದು? "ಅರ್ಧ ಬಂದ್ರೂ ಬರಲಿ ಜಿಜಾ, ಮನಷ್ಯಾ ನಾಳಿಗಿ ಸಿಗಂಗಿಲ್ಲ" ಅಂದಿದ್ದಿರಿ. ಆವತ್ತು ನನ್ನ ಕಣ್ಣಲ್ಲಿ ನೀವು ಎಷ್ಟು ಎತ್ತರಕ್ಕೆ ಕಂಡಿರಿ ಅಂತ ಹೇಗೆ ಬರೆಯಲಿ?

ಇದನ್ನೆಲ್ಲ ಹೇಳುತ್ತ ಹೇಳುತ್ತ ನನಗೇ ಒಂದು ಮಾತು ಹೊಳೆಯಿತು. ಹೋದ ವರ್ಷ ಔರಾದಿಗೆ ಹೊಸ ಎಕ್ಸರೇ ಯಂತ್ರ ಬಂದಿತಲ್ಲ? ಅದಕ್ಕೆ ನೆನಪಿದೆ. ತಿಜೋರಿ ಒಪ್ಪದಿದ್ದರೆ ಅದು ಚಿತ್ರವನ್ನು ತನ್ನಲ್ಲೇ ಇಟ್ಟುಕೊಂಡು, ಲೈನು ಬಂದಾಗ ತಾನಾಗಿ ಮತ್ತೆ ಕಳಿಸುತ್ತದೆ. ಯಾರನ್ನೂ ಕರೆಯಬೇಕಾಗಿಲ್ಲ. ಆದರೆ ನಮ್ಮ ತಿಜೋರಿ ಅರ್ಧ ಚಿತ್ರಕ್ಕೇ ಪೂರ್ತಿ ಬಂತು ಅಂತ ಹೇಳಿಬಿಟ್ಟರೆ ಅದು ಯಾಕೆ ಮತ್ತೆ ಕಳಿಸೀತು? ಅಂದರೆ ಹರಕು ಆಗುತ್ತಿದ್ದದ್ದು ಆಬೇದಾಳ ಕೈಯಲ್ಲಿ ಅಲ್ಲ, ನಮ್ಮ ತಿಜೋರಿಯ ಬಾಗಿಲಲ್ಲಿ. ಆಕೆಯ ಪರದೆಯಲ್ಲಿ ಪೂರ್ತಿ ಕಾಣುತ್ತಿತ್ತು ಅನ್ನುವುದು ಖರೇ. ಈ ವರ್ಷ ಬರದಲ್ಲಿ ಕರೆಂಟ್ ತಾಸುಗಟ್ಟಲೆ ಹೋಗತೊಡಗಿತು, ಹರಕು ಹೆಚ್ಚಾಯಿತು, ಬೈಗುಳ ಎಲ್ಲ ಆಕೆಯ ತಲೆಗೆ ಹೋಯಿತು. ಕಾಕಾ, ನೀವು ಒಳ್ಳೆಯದಕ್ಕೇ ಮಾಡಿದ್ದು. ಕಾರಣ ತೀರಿದ ಮೇಲೆ ತೆಗೆಯಲಿಲ್ಲ.

ದತ್ತಾತ್ರಿ ಬಹಳ ಮೆಲ್ಲಗೆ, "ಡಿಫಾಲ್ಟಿಗೆ ಬಿಟ್ರ ತಾನೇ ಸರಿ ಹೋಗ್ತದ. ಯಾರಿಗೂ ಹೇಳೋ ಜರೂರತ್ ಇಲ್ಲ. ನಿಮ್ಮ ಕಾಕಾ ಭೀ ಬರ್ತಾರ" ಅಂದರು. ಶಿವರಾಜಪ್ಪನವರ ಮಾತು ಅವರಿಗೂ ಗೊತ್ತಿತ್ತು. ಆ ಸಾಲನ್ನು ಡಿಫಾಲ್ಟಿಗೇ ಬಿಟ್ಟೆವು. ಮೊದಲು ಚಿತ್ರ ಬರಲಿ ಅಂದೆ.

ಹೊಸ ತಲೆ ಎದ್ದಿತು. ಎಲ್ಲ ದೀಪ ಹಸಿರು! ದತ್ತಾತ್ರಿ ಕೇಬಲ್ ನೋಡುತ್ತಿದ್ದರು, ಅಂಕಿ ಹಾಕುವ ಕೆಲಸ ನನಗೆ ಬಿಟ್ಟಿದ್ದರು. ಔರಾದಿನ ಕಾಯುವ ಹೊತ್ತು ಹಳೆಯದರಲ್ಲಿ ಆರುನೂರು ಅಂತಿತ್ತು, ನಾನೂ ಆರುನೂರು ಅಂತ ಒತ್ತಿದೆ. ಆಬೇದಾಳಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟು, ಯಾಕೂಬ ಸಾಹೇಬರನ್ನೂ ಕೆಳಗೆ ಕರೆತಂದೆವು. ಶನಿವಾರ ಅವರು ಹರಕು ಅಂತ ಹಿಂದಕ್ಕೆ ಹಾಕಿದ್ದ ಅಕ್ತರಬೀ ಅನ್ನುವ ಮುದುಕಿಯ ಎದೆಯ ಎಕ್ಸರೇ ಆಬೇದಾಳ ಯಂತ್ರದಲ್ಲಿ ಇನ್ನೂ ಇತ್ತು, ಅದನ್ನೇ ಮತ್ತೆ ಕಳಿಸು ಅಂದೆವು. ಕಳಿಸಿದಳು. ಲೈನು ಹಿಡಿದದ್ದೇ ಕಡಿಯಿತು. ಮತ್ತೆ ಕಳಿಸಿದಳು, ಮತ್ತೆ ಕಡಿಯಿತು. ಒಂದು ಗೆರೆ ಕೂಡ ಬರಲಿಲ್ಲ. ಫೋನಿನಲ್ಲಿ ಆಬೇದಾ, "ಹೋಯ್ತಾ ಜಿಜಾ? ಇದೂ ಹೋಯ್ತಾ?" ಅನ್ನುತ್ತಿದ್ದಳು. ದತ್ತಾತ್ರಿ ಬಗ್ಗಿ ಪರದೆ ನೋಡಿ, "ಜಿಜಾಬಾಯಿ, ಹಳೇದು ಸೆಕೆಂಡಿನಾಗ ಎಣಿಸ್ತಿತ್ತು, ಇದು ಸೆಕೆಂಡಿನ ಸಾವಿರದ ಪಾಲಿನಾಗ ಎಣಿಸ್ತದ. ಕಣ್ಣು ಮಿಟುಕಿಸೋದ್ರಾಗ ಹತ್ತು ನಿಮಿಷ ಮುಗಿಸಿದ್ರಲ್ಲ!" ಅಂದರು. ಮೂರು ಸೊನ್ನೆ ಸೇರಿಸಿದೆ. ನಾಚಿಕೆಯಾಯಿತು. ಬರೀ ಅಂಕಿ ಹೊತ್ತು ತಂದಿದ್ದೆ, ಅಳತೆ ನೋಡಿರಲಿಲ್ಲ.

ಈಗ ಬಂತು ನೋಡಿರಿ! ಮೇಲಿಂದ ಒಂದೊಂದೇ ಪಟ್ಟಿ ಇಳಿಯತೊಡಗಿತು. ಕೊರಳು, ಹೆಗಲಿನ ಎಲುಬು, ಪಕ್ಕೆಲುಬು. ಅಷ್ಟರಲ್ಲಿ ದತ್ತಾತ್ರಿ ಫೋನಿನತ್ತ ಬಾಗಿ, "ಆಬೇದಾಬಾಯಿ, ಮೇನ್ ಸ್ವಿಚ್ ತೆಗೀರಿ" ಅಂದರು. ಆಕೆ, "ತೆಗೀಲಿ? ಖರೇನೆ ತೆಗೀಲಿ?" ಅಂದಳು. ತೆಗೆದಳು. ಪಕ್ಕೆಲುಬಿನ ನಡುವೆ ಚಿತ್ರ ನಿಂತುಬಿಟ್ಟಿತು. ಫೋನಿನಲ್ಲಿ ಕಾವಲುಗಾರನ ಚಪ್ಪಲಿಯ ಸಪ್ಪಳ, ಹಗ್ಗ ಎಳೆದ ಸಪ್ಪಳ, ಜನರೇಟರ್ ಕೆಮ್ಮಿ ಸುಮ್ಮನಾದದ್ದು, ಅವನು ಅದರ ವಂಶಕ್ಕೆಲ್ಲ ಬೈದದ್ದು, ಎಲ್ಲ ಕೇಳುತ್ತಿತ್ತು. ಯಾಕೂಬ ಸಾಹೇಬರು "ಯಾ ಅಲ್ಲಾ" ಅಂದರು. ಆಮೇಲೆ ಧಡಧಡ ಅಂತ ಅದು ಹತ್ತಿತು, ಸ್ವಲ್ಪ ಹೊತ್ತಿಗೆ ಚಿತ್ರ ನಿಂತಲ್ಲಿಂದಲೇ ಕೆಳಗೆ ಇಳಿಯತೊಡಗಿತು. ಕೊನೆಯ ಪಕ್ಕೆಲುಬು, ಅದರ ಕೆಳಗಿನ ಕಮಾನು, ಮೂಲೆಯಲ್ಲಿ ಅಕ್ತರಬೀಯ ಹೆಸರು. ಪೂರ್ತಿ! ನಾನು ಚೀರಿದೆ. ಅತ್ತ ಆಬೇದಾ ಚೀರಿದಳು. ದತ್ತಾತ್ರಿ ನೀರಿನ ಬಾಟಲಿ ಎತ್ತಿ ತಲೆಗೆ ಸುರಿದುಕೊಳ್ಳಲು ಹೋಗಿ, ನೆನಪಾಗಿ, ಕುಡಿದರು.

ಯಾಕೂಬ ಸಾಹೇಬರು ಮಾತ್ರ ಪರದೆಯ ಹತ್ತಿರ ಹೋದರು. ಎಡಗಡೆ ಕೆಳಗೆ ಬೆರಳಿಟ್ಟರು. ಪುಪ್ಪುಸದ ಬುಡದಲ್ಲಿ ನೀರು ತುಂಬಿತ್ತಂತೆ. ಹರಕು ಚಿತ್ರದಲ್ಲಿ ಬೂದಿಯಾಗಿದ್ದದ್ದು ಸರಿಯಾಗಿ ಅದೇ ಜಾಗ. "ಇದು ಶನಿವಾರನೇ ನನಗ ಕಾಣಬೇಕಿತ್ತು" ಅಂದರು. ಅಲ್ಲಿಂದಲೇ ಔರಾದಿಗೆ ಗಾಡಿ ಕಳಿಸಿದರು. ಅಕ್ತರಬೀ ಈಗ ನಮ್ಮ ವಾರ್ಡಿನಲ್ಲೇ ಇದ್ದಾಳೆ. ನೀರು ತೆಗೆದ ಮೇಲೆ ಉಸಿರು ಹಗುರಾಗಿದೆ. ಊಟಕ್ಕೆ ಉಪ್ಪಿಲ್ಲ ಅಂತ ನರ್ಸುಗಳ ಜೊತೆ ಜಗಳವಾಡುತ್ತಾಳೆ.

ಸೋಮವಾರ ಟ್ರಸ್ಟಿನ ಸಭೆ. ಎಲ್ಲರಿಗೂ ಚಹಾ, ಎಲ್ಲರ ಮುಖದಲ್ಲೂ ನಗು. ಆಬೇದಾ ಒಂದು ಮೂಲೆಯಲ್ಲಿ ಕೂತಿದ್ದಳು. ಶಿವರಾಜಪ್ಪನವರು ಬಹಳ ಖುಷಿಯಲ್ಲಿದ್ದರು. "ಭಲೇ! ಹೊಸ ಮಷಿನ್ ಬಂತು, ನಾವು ಜರಾ ಗದರಿಸಿದ್ವಿ, ಹುಡುಗಿ ಭೀ ಸುಧಾರಿಸ್ಯಾಳ. ಇರ್ಲಿ, ಆಕಿಗಿ ಇಟ್ಕೊಳ್ಳೋಣ" ಅಂದರು. ಆಬೇದಾ ತಲೆ ತಗ್ಗಿಸಿ, "ಶುಕ್ರಿಯಾ ಸಾಹೇಬ್" ಅಂದಳು. ಕಾಕಾ, ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆಕೆಯ ಕೆಲಸ ಉಳಿದಿತ್ತು, ಔರಾದಿನ ಖೋಲಿ ಉಳಿದಿತ್ತು, ನೀವು ಬರುವ ದಾರಿ ತೆರೆದಿತ್ತು. ಆದರೆ ಮಾಡದ ತಪ್ಪಿಗೆ ಆಕೆ ಶುಕ್ರಿಯಾ ಹೇಳಬೇಕಾಯಿತಲ್ಲ! ಎದ್ದು ನಿಂತೆ. "ಸುಧಾರಿಸಿಲ್ಲರಿ. ಆಕಿ ಮೊದಲಿಂದ ಭೀ ಬರೋಬ್ಬರಿನೇ ಇದ್ಳು" ಅಂದೆ. ದತ್ತಾತ್ರಿ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನಾನು ಕಾಲು ಎಳೆದುಕೊಂಡು ಎಲ್ಲವನ್ನೂ ಹೇಳಿದೆ. ಸೆಟಿಂಗ್ ಯಾವುದು, ಯಾಕೆ ಹಾಕಿದ್ದು, ಕಾರಣ ಯಾವಾಗ ತೀರಿತು. ಹಾಕಿದವರು ಯಾರು ಅಂತ ಶಿವರಾಜಪ್ಪನವರು ಕೇಳಿದರು. "ನಮ್ಮ ಕಾಕಾ" ಅಂದೆ.

ಯಾಕೂಬ ಸಾಹೇಬರು ಎದ್ದು ಹೋಗಿ ಆಬೇದಾಳ ಎದುರು ನಿಂತು, "ಬೇಟಿ, ಕಣ್ಣು ನಿನ್ನವು ಕೆಟ್ಟಿರಲಿಲ್ಲ. ಮಾಫ್ ಮಾಡು" ಅಂದರು. ಆಕೆಗೆ ಅಳಬೇಕೋ ನಗಬೇಕೋ ತಿಳಿಯದೆ ಓಢಣಿಯಿಂದ ಬಾಯಿ ಮುಚ್ಚಿಕೊಂಡಳು. ಶಿವರಾಜಪ್ಪನವರು ನನ್ನ ಕಡೆ ತಿರುಗಿ, "ಮತ್ತ ನೀನೇ ಹೇಳು, ಗೋರಖನಾಥಗ ಕರೀಬೇಕೋ ಬ್ಯಾಡೋ?" ಅಂದರು. "ಕರೀರಿ. ಔರಾದಿಗಿ ಕಾಯಬೇಕು ಅಂತ ಈ ತಿಜೋರಿಗಿ ಕಲಿಸಿದವ್ರು ಅವ್ರೇ. ನಿನ್ನಿ ಚಿತ್ರ ಬಂದದ್ದು ಅದರಿಂದ. ಒಂದು ತಪ್ಪ್ಯಾರ, ಅದು ಭೀ ಖರೇ" ಅಂದೆ. "ನೋಡೋಣ" ಅಂದರು. ಅವರ 'ನೋಡೋಣ'ದ ಅರ್ಥ ನಿಮಗೇ ಚೆನ್ನಾಗಿ ಗೊತ್ತು. ಇದನ್ನು ಓದಿ ಹೇಳಿದಾಗ ಕಾಕು, "ಮನಿ ಮಾತು ಮಂದಿ ಮುಂದ ಹಾಕಿದಿ" ಅಂತ ಮುಖ ಆಕಡೆ ತಿರುಗಿಸಿದ್ದಾಳೆ. ಮಧ್ಯಾಹ್ನದ ಊಟವನ್ನೂ ನನಗೆ ನೀಡಲಿಲ್ಲ, ನಾನೇ ಬಡಿಸಿಕೊಂಡು ಉಂಡು ಮತ್ತೆ ಬರೆಯಲು ಕೂತೆ. ಆದರೆ ಪತ್ರದ ಹತ್ತಿರದಿಂದ ಎದ್ದು ಹೋಗಿಲ್ಲ, ಕೂತೇ ಇದ್ದಾಳೆ.

ಇನ್ನೊಂದು ಸುದ್ದಿ. ಬರುವ ವಾರ ಭಾಲ್ಕಿಯ ಸಣ್ಣ ಯಂತ್ರವನ್ನೂ ಬದಲಿಸುತ್ತಾರೆ, ನಾನೂ ಬರಬೇಕು ಅಂತ ದತ್ತಾತ್ರಿ ಕೇಳಿದ್ದಾರೆ! ಹೊಸ ತಲೆಯಲ್ಲಿ ಪ್ರತಿ ಅಂಕಿಯ ಪಕ್ಕ ಎರಡು ಸಾಲು ಬರೆಯಲು ಜಾಗವಿದೆ. ಯಾಕೆ ಹಾಕಿದ್ದು, ಯಾವಾಗ ತೆಗೆಯಬೇಕು, ಎಲ್ಲವನ್ನೂ ಕನ್ನಡದಲ್ಲೇ ಬರೆದು ತುಂಬಿದ್ದೇನೆ. ಶುಕ್ರವಾರದ ಪಕ್ಕ ಸಾಹೇಬರ ನಿದ್ದೆಯನ್ನು ಮಾತ್ರ ಬಿಟ್ಟು ನಮಾಜು, ಊಟ ಅಂತ ಬರೆದೆ. ಆಮೇಲೆ ಅದು ಸುಳ್ಳಾಗುತ್ತದೆ ಅನಿಸಿ ನಿದ್ದೆಯನ್ನೂ ಸೇರಿಸಿದೆ. ಕಾಕಾ, ಈ ಕೆಲಸದಲ್ಲಿ ನನಗೆ ಬೆಂಚಿನ ಮೇಲೆ ಕೂಡಿಸಿದ ಹಾಗೆ ಒಮ್ಮೆಯೂ ಅನಿಸಲಿಲ್ಲ, ಎದ್ದು ಓಡಬೇಕು ಅಂತಲೂ ಅನಿಸಲಿಲ್ಲ.

ಅವ್ವ ನಿಮಗೆ ಆರೋಗ್ಯ ನೋಡಿಕೊಳ್ಳಲು ಹೇಳಿದ್ದಾಳೆ. ಕಾಕು ಏನೂ ಹೇಳುತ್ತಿಲ್ಲ, ಆದರೆ ಮೂಗಿಗೆ ಬಟ್ಟೆಯ ಮಾತು ಬರೆದೆಯಾ ಅಂತ ಈಗಷ್ಟೇ ಕೇಳಿದಳು. ಓಣಿಯ ಎಲ್ಲರ ಜೈಭೀಮ ನಿಮಗೆ.

ನಿಮ್ಮ ಮಗಳಂಥ
ಜಿಜಾ

ತಾ.ಕ. ಟ್ಯಾಂಕರ್ ಬಂತು, ಕಾಕು ಕೊಡ ಹಿಡಿದು ಓಡಿದ್ದಾಳೆ. ಇದನ್ನು ಆಕೆಗೆ ಓದಿ ಹೇಳಿಲ್ಲ, ಕೇಳಿದರೆ ಹೇಳುತ್ತೇನೆ. ನಿನ್ನೆ ಸಭೆ ಮುಗಿದ ಮೇಲೆ ಆಬೇದಾಳನ್ನು ಔರಾದಿನ ಬಸ್ಸಿಗೆ ಹತ್ತಿಸಲು ಹೋಗಿದ್ದೆ. ದಾರಿಯುದ್ದಕ್ಕೂ ನಗುತ್ತಿದ್ದಳು. ಬಸ್ಸು ಹೊರಡುವಾಗ ಕಿಟಕಿಯಿಂದ ಕೇಳಿದಳು: "ದೀಪಾವಳಿ ಹೊತ್ತಿಗಿ ಗೋರಖಭಾಯ್‌ಗೆ ಫೋನ್ ಮಾಡಿದ್ದೆ. ನನ್ನ ಪರದೆ ಮ್ಯಾಲ ಪೂರ್ತಿ ಅದ, ನಿಮ್ಮಲ್ಲೇ ಏನೋ ಹರಿಲತ್ತದ ಅಂದಿದ್ದೆ. ನೋಡ್ತೇನಿ ಅಂದಿದ್ರು. ನೋಡಿದ್ರೇನು ಜಿಜಾ?" ನನಗೆ ಗೊತ್ತಿಲ್ಲ ಅಂದೆ. ಬಸ್ಸು ಹೋಯಿತು. ಕಾಕಾ, ಆಗ ನೀವು ಇನ್ನೂ ಇಲ್ಲೇ ಕೆಲಸದಲ್ಲಿದ್ದಿರಿ. ನೋಡಿದ್ದಿರಾ? ಮರೆತಿದ್ದರೆ ಮರೆತೆ ಅಂತ ಹೇಳಿರಿ. ನೋಡಿ, ಗೊತ್ತಾಗಿ, ಕೆಲಸ ಹೋದೀತು ಅಂತ ಸುಮ್ಮನಿದ್ದರೆ ಅದನ್ನೂ ಹೇಳಿರಿ. ನನಗೆ ಬೇಡ, ಆಕೆಗೆ. ಶಿವರಾಜಪ್ಪನವರ ಹತ್ತಿರ ನಿಮ್ಮ ಪರವಾಗಿ ಮತ್ತೆ ಹೋಗಬೇಕೆಂದು ನಾನು ತುದಿಗಾಲಲ್ಲಿ ನಿಂತಿದ್ದೇನೆ. ಆದರೆ ನೀವು ಆಕೆಗೆ ಉತ್ತರ ಕೊಡುವವರೆಗೂ ನಾನು ಹೋಗಲಾರೆ. ಸುಳ್ಳು ಹೇಳಿ ಬರಬೇಡಿರಿ. ಖರೇ ಹೇಳಿ ಬರ್ರಿ.